ಮತ್ತಿ ಮರದ ಬುಡದಲ್ಲಿ

ಹದಿನೆಂಟು ವರ್ಷದ ಹಿಂದೆ ನಾನು ಶೇಷಮ್ಮನಿಗೆ ಒಂದು ಮಾತು ಕೊಟ್ಟಿದ್ದೆ. ಅವರ ಗಂಡ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿ ಸತ್ತ ಸುದ್ದಿ ತಿಳಿಸಿದ್ದು ಪೊಲೀಸರಲ್ಲ, ಬಸ್ ಕಂಡಕ್ಟರ್! ಆಗ ನಾನು ಹೊಸನಗರದಲ್ಲಿ ಹೊಸ ಕಾನ್‌ಸ್ಟೇಬಲ್. ಮೀಸೆ ತಿರುವಿ ಹೇಳಿದ್ದೆ:

"ಇನ್ಮುಂದೆ ಒಳ್ಳೇದೋ ಕೆಟ್ಟದ್ದೋ, ನಿಮ್ಮನೆ ಸುದ್ದಿ ನಾನೇ ಬಂದು ಹೇಳ್ತೀನಮ್ಮ."

ಈಗ ಅವರ ಮಗ ನಿರಂಜನ ಕಾಣೆಯಾಗಿ ಹನ್ನೆರಡು ದಿನ. ನಾನು ಸಬ್ ಇನ್‌ಸ್ಪೆಕ್ಟರ್.

ನನ್ನ ಕುತ್ತಿಗೆಯಿಂದ ಮೂರಿಂಚು ದೂರದಲ್ಲಿ ಒಂದು ಕತ್ತಿ!

ಹಿಡಿದವನು ವಿನೋದ್, ಸಾಗರ ಪೇಟೆಯ ಪಿಕಪ್ ಡ್ರೈವರ್. ಕಳ್ಳನಾಟಾ, ಅಂದರೆ ಕಾಡಿನಿಂದ ಕದ್ದ ಮರ, ಸಾಗಿಸುವುದನ್ನು ನಿರಂಜನ ನೋಡಿಬಿಟ್ಟ, ಹೊಡೆದು ಹೂತೆ ಅಂತ ಒಪ್ಪಿಕೊಂಡಿದ್ದ. ಎಲ್ಲಿ? ಅದೊಂದು ಮಾತ್ರ ನಿಜ ಹೇಳ. ಹೆಣ ಸಿಗದಿದ್ದರೆ ಕೋರ್ಟಿನಲ್ಲಿ ಆ ಒಪ್ಪಿಗೆ ಬರೀ ಗಾಳಿಮಾತು.

ಗುರುವಾರ ತೀರ್ಥಹಳ್ಳಿ ಕಡೆಯ ಮೇಗರವಳ್ಳಿ ಅಂದ. ಅಗೆದೆವು... ಕಲ್ಲು! ಶುಕ್ರವಾರ ಹೊನ್ನೆಮರಡು ಅಂದ. ಅಗೆದೆವು... ನೀರು! ಡ್ರೋನ್ ಹಾರಿಸಿದೆ. ಮರಕ್ಕೆ ಸಿಕ್ಕಿಕೊಂಡಿತು. ಕೊನೆಗೆ ನಿರಂಜನನ ಮೊಬೈಲ್ ಟವರ್ ಹಿಡಿದು ಹೊಸನಗರದ ಕಾಡಿಗೆ ಅವನನ್ನು ಕರೆತಂದೆ. ಆ ಒಂದು ಟವರಿನ ಕೆಳಗೆ ಹದಿಮೂರು ಗುಡ್ಡ. ಇದು ಏಳನೆಯದು.

ಅಲ್ಲಿ ಶರಾವತಿ ಅನ್ನುವ ಹೆಂಗಸು ಕೊಟ್ಟಿಗೆಗೆ ತರಗೆಲೆ ಗುಡಿಸುತ್ತಿದ್ದರು. ಅವರ ಕತ್ತಿಯನ್ನೇ ವಿನೋದ್ ಕಸಿದುಕೊಂಡಿದ್ದ. ಗುಡ್ಡ ಹತ್ತಲಿ ಪಾಪ ಅಂತ ಅವನ ಕೋಳ ಬಿಚ್ಚಿದ ಮಹಾನುಭಾವ ನಾನೇ.

"ದೂರ ಹೋಗ್ರಿ ಸಾರ್! ಕಡ್ದು ಹಾಕ್ತೀನಿ!"

"ಕಡಿಯೋ. ಆಮೇಲೆ ನನ್ನ ಹೆಂಡ್ತಿ ಹತ್ರ ನೀನೇ ಮಾತಾಡು!"

ಬೀಸಿದ. ನಾನು ಹಿಂದಕ್ಕೆ ಜಿಗಿದೆ. ಜಿಗಿದೆ ಅನ್ನುವುದು ರಿಪೋರ್ಟಿನ ಭಾಷೆ. ಜಾರಿ, ಉರುಳಿ, ತರಗೆಲೆಯ ಮೇಲೆ ಅಂಗಾತ ಬಿದ್ದೆ...

ಅವನು ಓಡಿದ. ಕಾನ್‌ಸ್ಟೇಬಲ್ ಆಶಾ ಬೆನ್ನಟ್ಟಿ, ಕೆಡವಿ, ಕತ್ತಿ ಕಿತ್ತು, ಕೋಳ ತೊಡಿಸಿ ಎಳೆದು ತಂದಾಗಲೂ ನಾನಿನ್ನೂ ಏಳುತ್ತಲೇ ಇದ್ದೆ!

ಶರಾವತಿ ನೋಡುತ್ತಿದ್ದದ್ದು ನನ್ನನ್ನಲ್ಲ. ನಾನು ಬಿದ್ದ ಜಾಗವನ್ನು.

"ಎಂತ ಸಾರ್ ಇದು? ಇಲ್ಲಿಗೆ ಎಲೆ ಎಲ್ಲಿಂದ ಬಂತು?"

"ಕಾಡಲ್ವಾ ಅಕ್ಕ... ಉದುರಿರುತ್ತೆ."

"ಈ ಬದಿ ಗುಡ್ಸಿ ಇಪ್ಪತ್ತು ದಿನ ಆಗ್ಲಿಲ್ಲ ಮಾರಾಯ್ರೆ! ತಲೆ ಎತ್ತಿ ನೋಡಿ, ಇದು ಮತ್ತಿ ಮರ. ನಿಮ್ಮ ಪ್ಯಾಂಟಿಗೆ ಅಂಟಿರೋದು ಅಕೇಶಿಯಾ!"

ನೋಡಿದೆ. ಬೋಳು ಇಳಿಜಾರಿನಲ್ಲಿ ಆರಡಿ ಉದ್ದದ ಒಂದೇ ತೇಪೆ. ಅಕೇಶಿಯಾ ಪ್ಲಾಂಟೇಶನ್ ಇರುವುದು ರಸ್ತೆಯ ಆಚೆ. ಅಷ್ಟೊಂದು ಎಲೆ ತಾನಾಗಿ ರಸ್ತೆ ದಾಟಿ, ಗುಡ್ಡ ಹತ್ತಿ ಬಂದು ಮಲಗುವುದಿಲ್ಲ! ಎಲೆ ಗುಡಿಸುವವರು ಗುಡ್ಡವನ್ನು ಮನೆಯ ಅಂಗಳದಷ್ಟೇ ಚೆನ್ನಾಗಿ ಬಲ್ಲರು ಅಂತ ಪೇಟೆಯ ವಿನೋದನಿಗೆ ತಿಳಿದಿರಲಿಲ್ಲ.

ಹದಿನೆಂಟು ವರ್ಷ ಸರ್ವಿಸ್ ಮಾಡಿದ ನನಗೂ!

ವಿನೋದ್ ತಲೆ ತಗ್ಗಿಸಿದ.

ತಹಶೀಲ್ದಾರ್ ಬಂದರು. ಅಗೆದೆವು.

ನಿರಂಜನನೇ.

ಶೇಷಮ್ಮನ ಮನೆ ಅಲ್ಲಿಂದ ನಾಲ್ಕು ಕಿಲೋಮೀಟರ್. ಜೀಪ್ ನಿಂತಿತು. ಅವರು ಜಗಲಿಯಿಂದ ಎದ್ದು ಅಂಗಳಕ್ಕೆ ಬಂದರು.

"ಇಳೀರಿ ಸಾರ್," ಅಂದಳು ಆಶಾ.

ಬಾಗಿಲ ಹಿಡಿಯ ಮೇಲೆ ಕೈಯಿಟ್ಟೆ. ಇಟ್ಟೇ ಇದ್ದೆ...

"ಸೊಂಟ ಹಿಡ್ಕೊಂಡಿದೆಯಮ್ಮ. ನೀನೇ ಹೋಗು."

ಸುದ್ದಿ ಹೇಳಿದ್ದು ಆಶಾ. ನಾನು ಮಾತಿಗೆ ತಪ್ಪಿದೆ.