ಹಮಾಲರ ತುಕಡಿಯ ಹಿತ್ತಾಳೆ ಗುಂಡಿ

ಹದಿನಾಲ್ಕನೇ ತಾರೀಕು, ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರನ್ನು ಸ್ಟೇಷನ್ ರೈಟರ್ ಹನ್ನೊಂದು ಗಂಟೆಯವರೆಗೂ ಬರೆದುಕೊಳ್ಳಲಿಲ್ಲ. ಆ ನಲವತ್ತು ನಿಮಿಷದಲ್ಲಿ ಅವನು ಮಾಡಿದ ಸರ್ಕಾರಿ ಕೆಲಸವೆಂದರೆ ನಗುವುದು.

ದೂರು ತಂದಾಕೆ ನಿವೃತ್ತ ಚರಿತ್ರೆ ಉಪಾಧ್ಯಾಯಿನಿ. ಸೈನ್ಯದ ಹಳೆಯ ಗುಂಡಿಗಳನ್ನು ಇಪ್ಪತ್ತೆರಡು ವರ್ಷದಿಂದ ಕೂಡಿಹಾಕುತ್ತಿದ್ದುದರಿಂದ ಊರಿಗೆಲ್ಲ ಗುಂಡಿ ಟೀಚರ್.

‘ಏನು ಕಳುವಾಗಿದೆ?’

‘ಕೋಟಿನ ಗುಂಡಿ. ಹಿತ್ತಾಳೆದು.’

‘ಎಷ್ಟು?’

‘ಒಂದು.’

‘ಅಮ್ಮಾ, ಪಕ್ಕದ ಬೀದೀಲಿ ಟೈಲರ್ ಇದಾನೆ. ಐದು ನಿಮಿಷದಲ್ಲಿ ಹೊಲಿದು ಕೊಡ್ತಾನೆ.’

ಟೀಚರ್ ಎದ್ದು ಹೋಗಲಿಲ್ಲ, ಬೆಂಚಿನ ಮೇಲೆ ಕೂತೇ ಇದ್ದರು. ಹನ್ನೊಂದಕ್ಕೆ ಒಳಗೆ ಬಂದ ಇನ್ಸ್‌ಪೆಕ್ಟರ್ ಒಮ್ಮೆ ಟೀಚರನ್ನೂ ಒಮ್ಮೆ ರೈಟರನ್ನೂ ನೋಡಿದಳು.

‘ನಗು ಮುಗೀತಾ? ಹಾಗಾದ್ರೆ ಪೆನ್ನು ತಗೊಳ್ಳಿ.’

ದೂರಿನ ಸಾರಾಂಶ ಹೀಗಿತ್ತು. ಊರಿನ ಸ್ವಯಂಸೇವಕ ರೆಜಿಮೆಂಟಿಗೆ ಒಂದು ಸಭಾಭವನವಿದೆ. ಮುಂದಿನ ಭಾನುವಾರ ಅದರ ಗೋಡೆಗೆ ಒಂದು ಕಲ್ಲು ಕೂರಿಸುತ್ತಾರೆ. ರೆಜಿಮೆಂಟ್ ಯಾವ ಯಾವ ತುಕಡಿಗಳಿಂದ ಹುಟ್ಟಿತು ಎಂಬ ವಂಶಾವಳಿ ಅದರಲ್ಲಿ ಕೆತ್ತಿರುತ್ತದೆ. ಮೊದಲ ಸಾಲಿನಲ್ಲಿ ವರ್ತಕರ ತುಕಡಿ. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಹಮಾಲರ ತುಕಡಿ ಆಮೇಲೆ ಬಾಲದಂತೆ ಸೇರಿಕೊಂಡಿತು, ಬೇಗನೆ ರದ್ದಾಯಿತು ಎಂದು ಭವನದ ಪುಸ್ತಕ ಹೇಳುತ್ತದೆ. ಹಾಗಾಗಿ ಕಲ್ಲಿನಲ್ಲಿ ಅವರಿಗೆ ಜಾಗವೇ ಇಲ್ಲ.

‘ಇದು ಶುದ್ಧ ಸುಳ್ಳು. ಹಮಾಲರೇ ಮೊದಲು. ಅದಕ್ಕೆ ಇದ್ದ ಸಾಕ್ಷಿ ಆ ಗುಂಡಿ ಒಂದೇ’ ಎಂದರು ಟೀಚರ್.

‘ಗುಂಡಿ ಹೇಗೆ ಸಾಕ್ಷಿ ಆಗುತ್ತೆ?’

‘ಎಲ್ಲರೂ ಗುಂಡಿ ಮುಖ ನೋಡ್ತಾರೆ, ನಾವು ಬೆನ್ನು ನೋಡ್ತೀವಿ. ಹಿಂದುಗಡೆ ತಯಾರಕನ ಹೆಸರು, ಅಂಗಡಿ ಬೀದಿ ಇರುತ್ತೆ. ಆ ಕಾಲಕ್ಕೆ ಊರಿಗೆಲ್ಲ ಗುಂಡಿ ಮಾಡ್ತಿದ್ದವನು ಒಬ್ಬನೇ. ಮೊದಲು ಸೇತುವೆ ಬೀದಿಯಲ್ಲಿದ್ದ, ಆಮೇಲೆ ಗಡಿಯಾರದ ಬೀದಿಗೆ ಹೋದ. ವರ್ತಕರ ಗುಂಡಿ ಎಲ್ಲಾ ಗಡಿಯಾರದ ಬೀದೀದು, ಹಮಾಲರು ಆಮೇಲೆ ಮಾಡಿಸಿದ್ದೂ ಅಲ್ಲೀದೇ. ನನ್ನ ಹತ್ತಿರ ಇದ್ದ ಹಮಾಲರ ಗುಂಡಿ ಮಾತ್ರ ಸೇತುವೆ ಬೀದೀದು. ಇವತ್ತು ಫೋಟೋ ತೆಗೆಸೋಣ ಅಂತ ತಿರುಗಿಸಿ ನೋಡಿದ್ರೆ ಗಡಿಯಾರದ ಬೀದಿ ಅಂತಿದೆ! ಯಾರೋ ಬದಲಾಯಿಸಿದಾರೆ.’

‘ಹಮಾಲರಲ್ಲಿ ನಿಮ್ಮವರು ಯಾರಾದ್ರೂ ಇದ್ರಾ?’

‘ಇಲ್ಲ. ಅನ್ಯಾಯ ಆಗಿದೆ ಅನ್ನೋಕೆ ನಮ್ಮವರೇ ಆಗಿರಬೇಕಾ?’

ಬರೆದುಕೊಳ್ಳಿ ಎಂದು ಇನ್ಸ್‌ಪೆಕ್ಟರ್ ರೈಟರಿಗೆ ಸನ್ನೆ ಮಾಡಿದಳು. ಹನ್ನೊಂದು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಹನ್ನೆರಡೂವರೆಗೆ ಟೀಚರ ಮನೆಯಲ್ಲಿ ಪಂಚನಾಮೆ. ಎದುರು ಮನೆಯ ಕಂಪೌಂಡರನ್ನೂ ಅವನ ಅತ್ತಿಗೆಯನ್ನೂ ಪಂಚರಾಗಿ ಕರೆದರು. ಮುಂಬದಿಯ ಕೋಣೆಯ ಮೂರು ಗೋಡೆಗೂ ಚಪ್ಪಟೆ ಡ್ರಾಯರುಗಳು. ಒಂದೊಂದು ಟ್ರೇಯಲ್ಲೂ ಹಸಿರು ಬಟ್ಟೆ, ಅದರಲ್ಲಿ ಗುಂಡಿ ಕೂರುವ ಕುಳಿಗಳು. ಪ್ರತಿ ಗುಂಡಿಯ ಕೆಳಗೂ ಒಂದು ಚೀಟಿ: ಯಾವ ತುಕಡಿ, ಯಾವ ವರ್ಷ, ಯಾವುದರಿಂದ ಹುಟ್ಟಿತು, ಯಾವುದರಲ್ಲಿ ಸೇರಿತು. ತಮ್ಮ ಮನೆಯ ಮೂರು ತಲೆಮಾರನ್ನು ನೆಟ್ಟಗೆ ಹೇಳಲಾರದವರ ನಡುವೆ ಈ ಹೆಂಗಸು ಎಂದೋ ಸತ್ತ ಸಿಪಾಯಿಗಳ ಲೆಕ್ಕ ಇಟ್ಟುಕೊಂಡು ಕೂತಿದ್ದರು.

ಬದಲಿ ಗುಂಡಿಯನ್ನು ಕಾನ್‌ಸ್ಟೇಬಲ್ ಬೆಳಕಿಗೆ ಹಿಡಿದ. ಮುಖದ ಮೇಲೆ ಲಂಗರು, ಅದರ ಸುತ್ತ ಹಗ್ಗ. ಹಗ್ಗದ ಸಂದಿಯಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು.

‘ಪಾಲಿಶ್ ಒಣಗಿರೋದು ಮೇಡಂ. ನಮ್ಮ ಬೆಲ್ಟಿನ ಬಿಲ್ಲೆಗೂ ಹೀಗೇ ಆಗುತ್ತೆ.’

‘ನೀವು ಪಾಲಿಶ್ ಹಚ್ತೀರಾ?’ ಇನ್ಸ್‌ಪೆಕ್ಟರ್ ಕೇಳಿದಳು.

ಟೀಚರ್ ಮುಖ ಸಿಂಡರಿಸಿದರು. ‘ಛೆ! ಹಳೇ ಗುಂಡಿಗೆ ಯಾರಾದ್ರೂ ಪಾಲಿಶ್ ಹಚ್ತಾರಾ? ಆ ಬುದ್ಧಿ ಇರೋದು ಭವನದವರಿಗೆ. ಗಾಜಿನ ಪೆಟ್ಟಿಗೆಯಲ್ಲಿ ಆರು ಹಮಾಲರ ಗುಂಡಿ ಇಟ್ಟಿದಾರೆ, ವಾರ ವಾರ ತಿಕ್ಕಿ ತಿಕ್ಕಿ ಅವುಗಳ ಲಂಗರೇ ಸವೆದು ಹೋಗಿದೆ.’

‘ಭವನದವರು ಈ ಮನೆಗೆ ಬಂದಿದ್ರಾ?’

‘ಬಂದಿದ್ರು. ಶನಿವಾರ ಬೆಳಿಗ್ಗೆ ನಾನೇ ಭವನಕ್ಕೆ ಫೋನ್ ಮಾಡಿ ಗುಂಡಿ ವಿಷಯ ಹೇಳಿದ್ದೆ, ಹಮಾಲರ ಹೆಸರುಗಳನ್ನೂ ಕಲ್ಲಲ್ಲಿ ಕೆತ್ತಿಸ್ತೀನಿ ಅಂದಿದ್ದೆ, ಕಲ್ಲು ಕೆತ್ತೋ ಮೊದಲು ಒಂದ್ಸಲ ಕಣ್ಣಾರೆ ನೋಡಲಿ ಅಂತ. ಭಾನುವಾರ ನಾಲ್ಕು ಗಂಟೆಗೆ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ಬಂದ್ರು. ಗುಂಡಿ ತೋರಿಸಿದೆ. ಆಮೇಲೆ ತುಕಡಿಯ ಅರವತ್ತೆರಡು ಜನರ ಹೆಸರಿನ ಪಟ್ಟಿ ತರೋಕೆ ಒಳಗೆ ಹೋದೆ. ಎರಡು ನಿಮಿಷ ಅಷ್ಟೆ.’

ಭವನ ತಲುಪಿದಾಗ ಎರಡೂ ಮುಕ್ಕಾಲು. ಅಧ್ಯಕ್ಷ ದೊಡ್ಡ ಮೇಜಿನ ಹಿಂದೆ ಕೂತಿದ್ದ. ಅವನ ತಲೆಯ ಮೇಲೆ ವರ್ತಕರ ತುಕಡಿ ಕಟ್ಟಿದ ಅವನ ಮುತ್ತಾತನ ಚಿತ್ರವಿತ್ತು. ಮೀಸೆ ಇಬ್ಬರಿಗೂ ಒಂದೇ ಅಳತೆಯದು.

‘ಒಂದು ಗುಂಡಿಗೆ ಪೊಲೀಸಾ? ಊರಲ್ಲಿ ಬೇರೆ ಕಳ್ಳರೇ ಇಲ್ವಾ?’

‘ಇದಾರೆ. ಒಬ್ಬೊಬ್ಬರನ್ನೇ ಹಿಡೀತಿದೀವಿ. ಭಾನುವಾರ ಟೀಚರ್ ಒಳಗೆ ಹೋದಾಗ ನೀವೆಲ್ಲಿದ್ರಿ?’

‘ಕಿಟಕಿ ಹತ್ತಿರ ಫೋನಲ್ಲಿ ಮಾತಾಡ್ತಿದ್ದೆ. ನೋಡಿ, ಹಮಾಲರು ಹೇಡಿಗಳು. ಬಂದೂಕು ಬಿಸಾಕಿ ಓಡಿಹೋದವರು. ಇದು ಊರಿಗೇ ಗೊತ್ತಿರೋ ವಿಷಯ.’

‘ಊರಿಗೆ ಹೇಳಿದ್ದು ಯಾರು?’

‘ಪುಸ್ತಕದಲ್ಲಿದೆ.’

‘ಪುಸ್ತಕ ಬರೆದಿದ್ದು?’

‘ನಮ್ಮ ಮುತ್ತಾತ.’

ಇನ್ಸ್‌ಪೆಕ್ಟರಿಗೆ ಮೈ ಉರಿಯಿತು. ಆದರೆ ಮುತ್ತಾತ ಬರೆದ ಪುಸ್ತಕದ ಮೇಲೆ ಕೇಸು ಹಾಕಲು ಯಾವ ಕಾಯಿದೆಯಲ್ಲೂ ಕಲಮಿಲ್ಲ. ಗಾಜಿನ ಪೆಟ್ಟಿಗೆ ತೆಗೆಸಿ ಎಂದಷ್ಟೇ ಹೇಳಿದಳು.

ಕೀಲಿ ತಂದವನು ಕಾರ್ಯದರ್ಶಿ. ಅರವತ್ತರ ಆಸುಪಾಸಿನ ಸಣಕಲು ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಹಮಾಲರ ರಟ್ಟಿನ ಮೇಲೆ ಆರಕ್ಕೆ ಆರೂ ಗುಂಡಿಗಳಿದ್ದವು, ಎಲ್ಲವೂ ಥಳಥಳ ಹೊಳೆಯುತ್ತಿದ್ದವು. ಅಧ್ಯಕ್ಷ ಗೆದ್ದವನಂತೆ ನಕ್ಕ. ಕಾನ್‌ಸ್ಟೇಬಲ್ ಮಾತ್ರ ತಂತಿ ಸಡಿಲಿಸಿ ಒಂದೊಂದನ್ನೇ ಬೋರಲು ಹಾಕತೊಡಗಿದ. ಮೊದಲ ನಾಲ್ಕರ ಬೆನ್ನು ಕಪ್ಪಾಗಿತ್ತು, ಗಡಿಯಾರದ ಬೀದಿಯ ಅಚ್ಚಿತ್ತು. ಐದನೆಯದರ ಬೆನ್ನು ಹೊಸ ಹಿತ್ತಾಳೆಯ ಬಣ್ಣದಲ್ಲಿತ್ತು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ಅರದ ಗೀಟುಗಳು ಮಾತ್ರ ಅಡ್ಡಡ್ಡ ಎದ್ದು ಕಾಣುತ್ತಿದ್ದವು.

‘ಈ ಪೆಟ್ಟಿಗೆ ಕೀಲಿ ಯಾರ ಹತ್ತಿರ ಇರುತ್ತೆ?’

‘ನನ್ನ ಹತ್ತಿರ. ಒಂದೇ ಕೀಲಿ’ ಎಂದ ಕಾರ್ಯದರ್ಶಿ.

‘ತೆರೆದಾಗ ಎಲ್ಲಾದ್ರೂ ಬರೆದಿಡ್ತೀರಾ?’

ಅವನು ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟ. ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ, ಕಾರಣ: ಸ್ವಚ್ಛತೆ. ಪುಟದ ಕೊನೆಗೆ ಶುಕ್ರವಾರದ್ದಲ್ಲದ ಎರಡು ನಮೂದುಗಳಿದ್ದವು. ಶನಿವಾರ ಸಂಜೆ ಐದು ನಲವತ್ತು. ಭಾನುವಾರ ಸಂಜೆ ಆರು ಹದಿನೈದು. ಎರಡರ ಮುಂದೂ ಕಾರಣದ ಜಾಗ ಖಾಲಿ. ಶನಿವಾರ ಬದಲಿ ಗುಂಡಿ ಹೊರಗೆ ಹೋಗಿತ್ತು, ಭಾನುವಾರ ಟೀಚರ ಗುಂಡಿ ಒಳಗೆ ಬಂದಿತ್ತು.

ಕಾನ್‌ಸ್ಟೇಬಲ್ ಹೌಹಾರಿದ. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಕದ್ದ ಹೊತ್ತನ್ನು ತಾನೇ ದುಂಡಗೆ ಬರೆದಿಟ್ಟ ಕಳ್ಳನನ್ನು ಅವನು ಕಂಡಿರಲಿಲ್ಲ.

‘ಇದು ನಿಮ್ಮ ಅಕ್ಷರಾನಾ?’

‘ಹೌದು.’

‘ಯಾಕೆ ಬರೆದ್ರಿ?’

‘ಪೆಟ್ಟಿಗೆ ತೆರೆದ್ರೆ ಬರೀಲೇಬೇಕು ಮೇಡಂ. ಮೂವತ್ತೊಂದು ವರ್ಷದಿಂದ ಬರೀತಿದೀನಿ.’

‘ಕಾರಣ ಯಾಕೆ ಬರೀಲಿಲ್ಲ?’

‘ಸುಳ್ಳು ಬರೆಯೋಕೆ ಕೈ ಬರಲಿಲ್ಲ.’

‘ಅಧ್ಯಕ್ಷರು ಮಾಡಿಸಿದ್ರಾ?’

‘ಇಲ್ಲ. ಅವರಿಗೆ ಏನೂ ಗೊತ್ತಿಲ್ಲ.’ ಅವನು ನೆಲ ನೋಡಿದ. ‘ಆ ಅರವತ್ತೆರಡು ಜನರಲ್ಲಿ ಹದಿನೇಳನೆಯವರು ನನ್ನ ಮುತ್ತಾತ. ನಮ್ಮಪ್ಪನ್ನ ಶಾಲೆಯಲ್ಲಿ ಹೇಡಿಮರಿ ಅಂತ ಕರೀತಿದ್ರಂತೆ. ಅವರು ಊರು ಬಿಟ್ರು, ಮನೆತನದ ಹೆಸರೂ ಬಿಟ್ರು. ನಾನು ಹೊಸ ಹೆಸರು ಇಟ್ಕೊಂಡು ಇದೇ ಊರಿಗೆ ಬಂದು ಮರ್ಯಾದೆಯಾಗಿ ಬದುಕಿದೆ. ಈಗ ಆ ಹೆಸರನ್ನ ಕಲ್ಲಲ್ಲಿ ಕೆತ್ತಿಸ್ತೀನಿ ಅಂದ್ರು ಟೀಚರ್. ನನ್ನ ಮೊಮ್ಮಗಳು ಅದೇ ಶಾಲೆಗೆ ಹೋಗ್ತಾಳೆ ಮೇಡಂ.’

ಅಧ್ಯಕ್ಷ ಕುರ್ಚಿ ಹಿಂದಕ್ಕೆ ಎಳೆದುಕೊಂಡ.

‘ಮೂವತ್ತೊಂದು ವರ್ಷ ಹೇಡಿಯ ಮರಿಮಗನ ಕೈಗೆ ನಮ್ಮ ಕೀಲಿ ಕೊಟ್ಟಿದ್ವಾ?’

ಅಷ್ಟು ವರ್ಷ ಆ ಕೀಲಿ ಒಂದು ದಿನವೂ ತಪ್ಪಿರಲಿಲ್ಲ, ಆ ಮನುಷ್ಯ ಒಂದು ದಿನವೂ ತಡವಾಗಿ ಬಂದಿರಲಿಲ್ಲ. ಅದನ್ನೆಲ್ಲ ಅಳಿಸಿಹಾಕಲು ಅಧ್ಯಕ್ಷನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಕಾನೂನಿನ ಪ್ರಕಾರ ಅಂದು ಕೈಗೆ ಬೇಡಿ ಬಿದ್ದದ್ದು ಕಾರ್ಯದರ್ಶಿಗೆ. ಎಂಥ ನ್ಯಾಯ! ಬಂಧನದ ವೇಳೆ ಮೂರು ಐವತ್ತು.

ಗುಂಡಿಯನ್ನು ಗುರುತಿಸಲು ಟೀಚರನ್ನು ಐದು ಗಂಟೆಗೆ ಠಾಣೆಗೆ ಕರೆಸಿದರು. ಅವರು ಗುಂಡಿಯ ಮುಖ ನೋಡಿ ಇದೇ ಎಂದು ತಲೆಯಾಡಿಸಿದರು. ತಿರುಗಿಸಿ ಬೆನ್ನು ನೋಡಿದರು, ಬೆರಳಿನಿಂದ ಸವರಿದರು. ಅದನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು.

‘ಇನ್ನೇನೂ ಉಳಿದಿಲ್ಲ. ಭಾನುವಾರ ಕಲ್ಲು ಕೂರಿಸ್ತಾರೆ.’ ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿದರು. ‘ನಿಮ್ಮ ಮುತ್ತಾತನ ಮಾನ ನಿಮ್ಮ ಕೈಯಾರೆ ಅರ ಹಾಕಿ ತೆಗೆದ್ರಲ್ಲ ಸ್ವಾಮಿ!’

‘ಓಡಿಹೋದವರಿಗೆ ಯಾವ ಮಾನ ಟೀಚರ್?’

‘ಯಾರು ಓಡಿದ್ದು? ಬರಗಾಲದಲ್ಲಿ ವರ್ತಕರು ಧಾನ್ಯದ ಉಗ್ರಾಣಕ್ಕೆ ಬೀಗ ಹಾಕಿಸಿದ್ರು. ಹಸಿದ ಜನ ಬಾಗಿಲಿಗೆ ಬಂದ್ರು. ಗುಂಡು ಹೊಡೀರಿ ಅಂದಾಗ ಈ ಅರವತ್ತೆರಡು ಜನ ಬಂದೂಕು ಕೆಳಗಿಟ್ಟು ನಿಂತ್ರು. ಓಡಲಿಲ್ಲ, ನಿಂತ್ರು! ಅದಕ್ಕೇ ತುಕಡಿ ರದ್ದು ಮಾಡಿದ್ದು. ಆ ಆದೇಶದ ನಕಲು ಸಿಕ್ಕಿ ಒಂದು ವರ್ಷ ಆಯ್ತು. ತುಕಡಿ ಯಾವಾಗ ಹುಟ್ಟಿತು ಅಂತ ಅದರಲ್ಲಿಲ್ಲ, ಅದಕ್ಕೇ ಗುಂಡಿ ಬೇಕಿತ್ತು.’

‘ನನಗೆ… ನನಗೆ ಯಾರೂ ಹೇಳಲಿಲ್ಲ.’

‘ಮೂರು ಕಾಗದ ಬರೆದಿದ್ದೆ. ಭವನದ ಕಾರ್ಯದರ್ಶಿಗೆ ಅಂತಲೇ.’

ಕಾರ್ಯದರ್ಶಿಗೆ ಆ ಮೂರು ಲಕೋಟೆಗಳು ನೆನಪಾದವು.

‘ಗುಂಡಿ ಟೀಚರ್ ಕಾಗದ ಬಂದ್ರೆ ಒಡೀಬೇಡಿ, ಹಾಗೇ ಫೈಲಿಗೆ ಹಾಕಿ ಅಂದಿದ್ರು ಅಧ್ಯಕ್ಷರು. ಮೂರಕ್ಕೂ ನಂಬರ್ ಹಾಕಿ ಬೀರುವಿನಲ್ಲಿ ಇಟ್ಟಿದೀನಿ.’

ರೈಟರ್ ಎದ್ದು ಹೋಗಿ ಒಂದು ಲೋಟ ನೀರು ತಂದ. ಯಾರಿಗೆ ಕೊಡಬೇಕೆಂದು ತಿಳಿಯದೆ ಇಬ್ಬರ ನಡುವೆ ಇಟ್ಟ.

‘ಪಟ್ಟಿಯಲ್ಲಿ ನಮ್ಮ ಮುತ್ತಾತನ ಹೆಸರಿನ ಮುಂದೆ ಏನಾದ್ರೂ ಬರೆದಿದೆಯಾ?’ ಕಾರ್ಯದರ್ಶಿ ಕೊನೆಗೆ ಕೇಳಿದ.

‘ಇದೆ. ಗುಂಡು ಹೊಡೀತೀಯಾ ಅಂತ ಎರಡನೇ ಸಲ ಕೇಳಿದಾಗಲೂ ಇಲ್ಲ ಅಂದ, ಅಂತಿದೆ.’ ಟೀಚರ ದನಿ ಇನ್ನೂ ಬಿಸಿಯಾಗಿಯೇ ಇತ್ತು. ‘ನಿಮ್ಮನ್ನ ಕ್ಷಮಿಸಿದೆ ಅಂದ್ಕೋಬೇಡಿ. ಈ ಜನ್ಮದಲ್ಲಿ ಆಗಲ್ಲ. ಆದ್ರೆ ನನ್ನ ಪಟ್ಟಿಯಿಂದ ಹದಿನೇಳನೇ ಹೆಸರನ್ನ ತೆಗೆಯೋದೂ ಇಲ್ಲ.’

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಆರೋಪಿ ಹೇಳಿಕೆ ಕೊಟ್ಟ. ವಕೀಲ ಬೇಡವೆಂದ, ತಾನೇ ಬರೆಯುತ್ತೇನೆಂದು ಕಾಗದ ಕೇಳಿದ. ಅರ ಹಾಕುವ ಮೊದಲು ಗುಂಡಿಯ ಬೆನ್ನಿನ ಮೇಲಿದ್ದ ತಯಾರಕನ ಹೆಸರು, ಸೇತುವೆ ಬೀದಿಯ ವಿಳಾಸ, ಅಕ್ಷರಗಳ ಜೋಡಣೆ, ಎಲ್ಲವನ್ನೂ ಬಿಡದೆ ಬರೆದ. ಅದನ್ನು ತಾನು ಎರಡು ಸಲ ಓದಿದೆನೆಂದೂ, ಓದಿಯೇ ಅಳಿಸಿದೆನೆಂದೂ ಬರೆದ. ಗುಂಡಿಯಿಂದ ಅಳಿಸಿದ ಸಾಕ್ಷಿ ಹೀಗೆ ಕೋರ್ಟಿನ ದಾಖಲೆಗೆ ಸೇರಿತು. ಕಾರಣದ ಜಾಗವನ್ನು ಈ ಸಲ ಖಾಲಿ ಬಿಡಲಿಲ್ಲ. ನಾಚಿಕೆ ಎಂದು ಬರೆದು, ಅದು ತನ್ನದಲ್ಲ, ಬೇರೆಯವರು ಹೊರಿಸಿದ್ದು ಎಂದು ಈಗ ತಿಳಿಯಿತು ಎಂದು ಸೇರಿಸಿದ. ಕೆಳಗೆ ಸಹಿ ಮಾಡಿದ್ದು ಅಪ್ಪ ಬಿಟ್ಟುಹೋಗಿದ್ದ ಮನೆತನದ ಹೆಸರಿನಲ್ಲಿ.