ಧೂಳಿಗೆ ಕಟ್ಟಿದ ಬೆಲೆ

ಜೂನ್ ಎಂಟು, ಸೋಮವಾರ, ಬೆಳಗ್ಗೆ ಒಂಬತ್ತೂಕಾಲು. ವಿನ್ಯೋಲಾ ಠಾಣೆಯ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದ ಮಿಲಾನಿನ ದಂತವೈದ್ಯ ಡಾಕ್ಟರ್ ಕಸಾತಿ, ಇನ್ಸ್‌ಪೆಕ್ಟರ್ ನಿವೆಸ್ ಗೋಲ್ಫಿಯೇರಿಯವರ ಮೇಜಿನ ಮುಂದೆ ನಿಂತು, ಆ ಠಾಣೆಯಲ್ಲಿ ಅದುವರೆಗೆ ಯಾರೂ ಕೊಡದಂಥ ದೂರು ಕೊಟ್ಟರು.

"ಮೇಡಂ, ನನ್ನ ಕಾರು ಕ್ಲೀನ್ ಆಗಿಬಿಟ್ಟಿದೆ!"

ನಿವೆಸ್ ಬಾಯಲ್ಲಿದ್ದ ಚೆರ್ರಿ ಬೀಜವನ್ನು ಅಂಗೈಗೆ ಉಗುಳಿಕೊಂಡರು. "ಕಳುವಾಗಿದೆಯಾ?"

"ಇಲ್ಲ."

"ಯಾರಾದ್ರೂ ಗುದ್ದಿದ್ರಾ?"

"ಇಲ್ಲ ಮೇಡಂ. ಫಳಫಳ ಅಂತಿದೆ. ನಾನು ಹಾಳಾಗಿಹೋದೆ!"

ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೆಬಲ್ ತಾರ್ಚಿಸಿಯೊ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಆದರೆ ಕಾರಿನ ಹೆಸರು ಕಿವಿಗೆ ಬಿದ್ದದ್ದೇ ತಡ, ಮತ್ತೆ ಇತ್ತ ತಿರುಗಿ ಕಣ್ಣರಳಿಸಿದ. ೧೯೬೭ರ ಗವೋನಿ ಕೂಪೆ! ಮೊದೆನಾದ ಹೊರವಲಯದ ಸಣ್ಣ ಕಾರ್ಖಾನೆಯೊಂದು ಮೂರು ವರ್ಷ ಬದುಕಿ, ಕೈಯಲ್ಲೇ ತಗಡು ಬಡಿದು ಅರುವತ್ತೋ ಎಪ್ಪತ್ತೋ ಕಾರು ಮಾಡಿ ಮುಚ್ಚಿಹೋಗಿತ್ತು. ಎರಡೇ ಬಾಗಿಲು, ನೆಲಕ್ಕೆ ಅಂಟಿದ ಹಾಗೆ ಓಡುವ ಕಾರು. ಅಂಥದ್ದೊಂದನ್ನು ಕಣ್ಣಾರೆ ನೋಡಬೇಕೆಂಬುದು ತಾರ್ಚಿಸಿಯೊನ ಹುಟ್ಟಾಸೆ.

ಡಾಕ್ಟರ್ ಹೇಳಿದ್ದಿಷ್ಟು. ಏಪ್ರಿಲ್‌ನ ಹರಾಜಿನಲ್ಲಿ ಅವರು ಈ ಕಾರನ್ನು ಒಂದು ಲಕ್ಷ ನಲವತ್ತು ಸಾವಿರ ಯೂರೊಗೆ ಕೊಂಡಿದ್ದರು. ಎರ್ಸಿಲಿಯಾ ಎಂಬ ಮುದುಕಿಯ ಹುಲ್ಲಿನ ಕೊಟ್ಟಿಗೆಯಲ್ಲಿ ನಲವತ್ತು ವರ್ಷ ಯಾರೂ ಮುಟ್ಟದೆ ಬಿದ್ದಿತ್ತು ಎಂಬುದೇ ಅದರ ಹೆಗ್ಗಳಿಕೆ. ಅದೇ ಧೂಳು, ಅದೇ ಕೋಳಿ ಹಿಕ್ಕೆಯ ಸಮೇತ ನಿನ್ನೆ ಊರಿನ ಚೌಕದ ಕಾರು ಮೇಳದಲ್ಲಿ ನಿಲ್ಲಿಸಿದ್ದರು. ಮಧ್ಯಾಹ್ನ ದಢದಢ ಮಳೆ ಸುರಿಯಿತು. ಹತ್ತೇ ನಿಮಿಷದಲ್ಲಿ ನಲವತ್ತು ವರ್ಷದ ಕೊಳೆ ಚರಂಡಿ ಸೇರಿ, ಮಾಗಿದ ಚೆರ್ರಿ ಬಣ್ಣದ ಹೊಚ್ಚಹೊಸ ಕಾರೊಂದು ಹೊಳೆಯುತ್ತ ನಿಂತಿತು.

"ಜನ ಚಪ್ಪಾಳೆ ಹೊಡೆದ್ರು ಮೇಡಂ. ಚಪ್ಪಾಳೆ!"

ವಂಚನೆ ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ಮಾರಿದವಳ ಹೆಸರೇ ಬಿತ್ತು: ಎರ್ಸಿಲಿಯಾ, ವಯಸ್ಸು ಎಪ್ಪತ್ತೆಂಟು.

ಮಧ್ಯಾಹ್ನ ಮೌಲ್ಯಮಾಪಕ ರನಿಯೇರಿ ಬಂದರು. ರೇಷ್ಮೆ ಕರವಸ್ತ್ರ, ಗರಿಗರಿ ಕೋಟು. ಹರಾಜಿನವರ ಪರವಾಗಿ ಈ ಕಾರಿಗೆ ಬೆಲೆ ಕಟ್ಟಿದವರು ಇವರೇ.

"ಧೂಳಿನ ಕೆಳಗೆ ಏನಿದೆ ಅಂತ ನೋಡ್ಲಿಲ್ವಾ?" ನಿವೆಸ್ ಕೇಳಿದರು.

"ಮೇಡಂ, ನಮ್ಮ ಕಸುಬಲ್ಲಿ ಧೂಳು ಮುಟ್ಟೋ ಹಾಗಿಲ್ಲ. ಒಂದು ಬೆರಳಿನ ಗುರುತು ಬಿದ್ರೂ ಬೆಲೆ ಇಳಿಯುತ್ತೆ. ಕೊಳ್ಳೋರು ಅದನ್ನೇ ನೋಡಕ್ಕೆ ಬರ್ತಾರೆ. ನಾನು ಕೈ ಹಿಂದೆ ಕಟ್ಟಿಕೊಂಡೇ ಸುತ್ತು ಹಾಕಿದೆ. ನಿಜ ಹೇಳ್ಲಾ? ಮಂಡಿಯೂರಿಬಿಟ್ಟೆ. ಕಣ್ಣಲ್ಲಿ ನೀರು ಬಂತು."

"ಕೊಳೆ ನೋಡಿ?"

"ಮುಟ್ಟದೇ ಇರೋದನ್ನ ನೋಡಿ. ಅರ್ಧ ಬೆಲೆ ಅದರದ್ದೇ."

ಏನನ್ನಾದರೂ ಬಚ್ಚಿಡಲು, ಯಾರೂ ಮುಟ್ಟಬಾರದ ವಸ್ತುವಿನ ಅಡಿಗಿಂತ ಕ್ಷೇಮದ ಜಾಗ ಬೇರೊಂದಿಲ್ಲ. ಇದನ್ನು ಮಾಡಿದವನಿಗೆ ಈ ಜನರ ನಾಡಿ ಚೆನ್ನಾಗಿ ಗೊತ್ತು ಎಂದು ನಿವೆಸ್‌ಗೆ ಆಗಲೇ ಅನ್ನಿಸಿತು.

ಮಂಗಳವಾರ ಕೊಟ್ಟಿಗೆಯ ಪಂಚನಾಮೆ. ಪಂಚರಿಬ್ಬರ ಮುಂದೆ ತಾರ್ಚಿಸಿಯೊ ಅಳತೆ ಪಟ್ಟಿ ಹಿಡಿದು ಹುಲ್ಲಿನ ನಡುವೆ ಓಡಾಡಿದ. ನಿಜವಾದ ಹುಲ್ಲು, ನಿಜವಾದ ಕೋಳಿಗಳು, ಕಾರು ನಿಂತಿದ್ದ ಜಾಗದಲ್ಲಿ ನಿಜವಾದ ಗುರುತು. ಕಾರಿನ ದಾಖಲೆಗಳೂ ಸರಿಯಾಗಿದ್ದವು. ಅದು ಎರ್ಸಿಲಿಯಾಳ ಗಂಡ, ಲಾರಿ ಓಡಿಸುತ್ತಿದ್ದ ವಾಸ್ಕೊನದು. ಅವನು ತೀರಿಕೊಂಡು ಆರು ವರ್ಷವಾಗಿತ್ತು.

"ಇದಕ್ಕೆ ತಗಡು ಬಡಿದು ಬಣ್ಣ ಹೊಡೆದೋರು ಯಾರಮ್ಮ?" ನಿವೆಸ್ ಮುದುಕಿಯನ್ನು ಕೇಳಿದರು.

"ಕೋಳಿಗಳನ್ನ ಕೇಳಿ. ಅವೇ ಅದರ ಮೇಲೆ ಕೂತಿದ್ದಿದ್ದು."

"ಅಜ್ಜಿ, ಜೈಲಿಗೆ ಹೋಗ್ತೀರ," ಎಂದ ತಾರ್ಚಿಸಿಯೊ.

"ಹೋಗ್ತೀನಿ ಮಗಾ. ಅಲ್ಲಿ ಕೋಳಿಗೆ ಕಾಳು ಹಾಕೋ ಕೆಲಸ ಇರಲ್ವಲ್ಲ."

ಅವಳ ಬ್ಯಾಂಕ್ ಖಾತೆ ತೆಗೆಸಿ ನೋಡಿದರೆ ಮತ್ತೊಂದು ಒಗಟು. ಹರಾಜಿನ ಹಣ ಬಂದಿದ್ದು ಬಂದ ಹಾಗೇ ಇತ್ತು. ಯಾರೂ ಪಾಲು ತೆಗೆದುಕೊಂಡಿರಲಿಲ್ಲ. ಹಣದ ಜಾಡು ಹಿಡಿದು ಹೋಗೋಣವೆಂದರೆ ಜಾಡೇ ಇಲ್ಲ! ಸಂಜೆ ಸರ್ಕಾರಿ ವಕೀಲರು ಫೋನಿನಲ್ಲಿ ಖಡಾಖಂಡಿತ ಹೇಳಿದರು: ಶುಕ್ರವಾರದೊಳಗೆ ಬೇರೆ ಹೆಸರು ಸಿಗದಿದ್ದರೆ ಮುದುಕಿಯ ಮೇಲೇ ಆರೋಪಪಟ್ಟಿ.

ಬುಧವಾರ ಪ್ರಯೋಗಾಲಯದ ವರದಿ ಬಂತು. ಓದುತ್ತಿದ್ದ ನಿವೆಸ್ ಕುರ್ಚಿಯಿಂದ ಎದ್ದೇಬಿಟ್ಟರು.

"ತಾರ್ಚಿಸಿಯೊ, ಬಾ ಇಲ್ಲಿ! ಬಣ್ಣಕ್ಕೂ ಕೊಳೆಗೂ ಮಧ್ಯೆ ಒಂದು ಪದರ ಜೇನುಮೇಣ ಇದೆಯಂತೆ. ಉಜ್ಜಿ ಉಜ್ಜಿ ಹಚ್ಚಿದ್ದಾರಂತೆ."

"ಅದಕ್ಕೇ ಮಳೆಗೆ ಜಾರಿಹೋಯ್ತು! ಆದ್ರೆ ಹೊಲಸು ಮಾಡೋದಕ್ಕೆ ಮುಂಚೆ ಮೇಣ ಯಾಕೆ ಮೇಡಂ?"

"ಮಗೂನ ಮಣ್ಣಲ್ಲಿ ಆಡೋಕೆ ಬಿಡೋ ಮುಂಚೆ ಎಣ್ಣೆ ಹಚ್ಚಲ್ವಾ? ಬಣ್ಣಕ್ಕೆ ಪೆಟ್ಟಾಗಬಾರದು ಅಂತ. ಇದು ಮೋಸಗಾರನ ಬುದ್ಧಿ ಅಲ್ಲ ಕಣೋ. ಈ ಕಾರು ಮಾಡಿದೋನ ಬುದ್ಧಿ."

ಅಲ್ಯುಮಿನಿಯಂ ತಗಡನ್ನು ಕೈಯಲ್ಲೇ ಬಡಿದು ಅಂಥ ಮೈ ಎಬ್ಬಿಸಬಲ್ಲ ಟಿಂಕರಿಂಗ್ ಮೇಸ್ತ್ರಿಗಳು ಆ ಸುತ್ತಿನಲ್ಲಿ ಉಳಿದಿದ್ದವರು ನಾಲ್ವರೇ. ನಾಲ್ವರೂ ಫೋನಿನಲ್ಲಿ ಗೊತ್ತಿಲ್ಲ ಎಂದರು. ನಿವೆಸ್ ಗದರಿಸಲಿಲ್ಲ. ತಜ್ಞರಾಗಿ ಅಭಿಪ್ರಾಯ ಕೊಡಬೇಕೆಂದು ನಾಲ್ವರನ್ನೂ ಶುಕ್ರವಾರ ಬೆಳಗ್ಗೆ ಠಾಣೆಗೆ ಕರೆದರು. ಎರ್ಸಿಲಿಯಾ, ಡಾಕ್ಟರ್, ರನಿಯೇರಿ ಮೂವರಿಗೂ ಬರಹೇಳಿದರು.

ಶುಕ್ರವಾರ ಹತ್ತು ಗಂಟೆಯ ಬಿಸಿಲಿಗೆ ಠಾಣೆಯ ಅಂಗಳದಲ್ಲಿ ಆ ಕೂಪೆ ನಿಂತಿದ್ದ ಚೆಂದವನ್ನು ಏನೆಂದು ಹೇಳುವುದು! ತಾರ್ಚಿಸಿಯೊ ಬೆಳಗಿನಿಂದ ಕಾವಲಿನ ನೆಪದಲ್ಲಿ ಅದನ್ನು ಇಪ್ಪತ್ತು ಸಲ ಸುತ್ತಿದ್ದ. ಹರಿದ ಸೀಟು, ಇಳಿದ ಚಕ್ರ ಬಿಟ್ಟರೆ ಮೈಯೆಲ್ಲ ಹರಿವ ನೀರಿನಷ್ಟು ನಯ. ಹಕ್ಕಿಯೊಂದು ಹತ್ತಿರ ಹಾರಿದರೆ ತಾರ್ಚಿಸಿಯೊ ಟೋಪಿ ಬೀಸಿ ಓಡಿಸುತ್ತಿದ್ದ.

"ದೋಷ ಏನಿದ್ರೂ ಹೇಳಿ," ಎಂದರು ನಿವೆಸ್.

ಮೂವರು ಮೇಸ್ತ್ರಿಗಳು ಕಣ್ಣು ಮುಚ್ಚಿ ಎಡಗೈಯಿಂದ ತಗಡನ್ನು ಸವರಿದರು. ಆ ಕಸುಬಿನಲ್ಲಿ ಕಣ್ಣನ್ನು ನಂಬುವುದಿಲ್ಲ, ಅಂಗೈಯನ್ನು ನಂಬುತ್ತಾರೆ. ನಾಲ್ಕನೆಯವನು ಲೆಯಾರ್ಕೊ ಮೊಂತೋರ್ಸಿ, ಗುಡ್ಡದ ಮೇಲಿನ ಹಳ್ಳಿಯವನು, ಎಪ್ಪತ್ತರ ಗಿಡ್ಡ ಮನುಷ್ಯ. ಅವನು ಮಾತ್ರ ಎರಡೂ ಕೈ ಜೇಬಿಗೆ ತುರುಕಿ ದೂರದಲ್ಲೇ ನಿಂತಿದ್ದ.

"ಒಂದು ಅಲೆ ಇಲ್ಲ," ಎಂದ ಮೊದಲನೆಯವನು.

"ಕನ್ನಡಿ ಕಣ್ರೀ, ಕನ್ನಡಿ," ಎಂದ ಎರಡನೆಯವನು.

"ಇದನ್ನ ಮಾಡಿದೋನ ಕೈಗೆ ಮುತ್ತು ಕೊಡಬೇಕು. ಹುಡುಕಿದ್ರೂ ದೋಷ ಸಿಗಲ್ಲ," ಎಂದ ಮೂರನೆಯವನು.

ಲೆಯಾರ್ಕೊನ ಮುಖ ಕೆಂಪಾಯಿತು. ಕಿವಿ ಕೆಂಪಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವನ ಜಾತಿಯೇ ಬೇರೆ.

"ಏನ್ರೋ ಕನ್ನಡಿ? ಎಡಗಡೆ ಹಿಂದಿನ ಚಕ್ರದ ಮೇಲೆ ನೋಡ್ರೋ! ಎರಡು ಬೆರಳಗಲ ತಗ್ಗಿದೆ. ಮೂರು ಜನಕ್ಕೂ ಕೈಗೆ ಲಕ್ವ ಹೊಡೆದಿದ್ಯಾ?"

ಮೂವರೂ ಅಲ್ಲಿಗೆ ಕೈ ಹಾಕಿದರು. ಸವರಿದರು. ಮತ್ತೆ ಸವರಿದರು. ಕೊನೆಗೆ ಮೊದಲನೆಯವನು ಹೌದೆಂದು ತಲೆಯಾಡಿಸಿದ.

"ಮೇಸ್ತ್ರಿ," ನಿವೆಸ್ ಮೆಲ್ಲಗೆ ಹೇಳಿದರು, "ನೀವು ಕಾರು ಮುಟ್ಟಿಲ್ಲ. ಅದೂ ಅಲ್ಲದೆ, ನೀವು ನಿಂತಿರೋದು ಬಲಗಡೆ."

ಬೆಂಚಿನ ಮೇಲಿದ್ದ ಎರ್ಸಿಲಿಯಾ ಹಣೆ ಚಚ್ಚಿಕೊಂಡಳು.

"ಅಯ್ಯೋ ನಿನ್ನ ಬಾಯಿಗೆ ಬೆಂಕಿ ಬೀಳ! ನಾನು ನಾಲ್ಕು ದಿನ ತುಟಿ ಹೊಲ್ಕೊಂಡು ಕೂತಿದ್ದೆ. ನಿನಗೆ ನಾಲ್ಕು ನಿಮಿಷ ತಡ್ಕೊಳಕ್ಕಾಗಲಿಲ್ವಾ?"

"ಹೇಳಬೇಕು ಅಂತಾನೇ ಬಂದಿದ್ದು ಕಣೆ. ನೀನು ಒಳಗೆ ಹೋಗೋದನ್ನ ನೋಡ್ತಾ ಕೂತಿರ್ತೀನಾ? ಮೇಡಂ, ವ್ಯಾನಲ್ಲಿ ನನ್ನ ಬಟ್ಟೆ ಚೀಲ ಇದೆ."

ತಾರ್ಚಿಸಿಯೊ ಹೋಗಿ ನೋಡಿದ. ಎರಡು ಅಂಗಿ, ಒಂದು ಟವಲು, ಹಲ್ಲುಜ್ಜುವ ಬ್ರಷ್ಷು ಇದ್ದವು.

ಹನ್ನೊಂದು ಗಂಟೆಗೆ ಬಂಧನ ದಾಖಲಾಯಿತು. ಹೇಳಿಕೆ ಚಿಕ್ಕದು. ಜಜ್ಜಿಹೋಗಿದ್ದ ಕಾರನ್ನು ವಾಸ್ಕೊ ಗೆಳೆಯನ ಕೈಗೆ ಒಪ್ಪಿಸಿ, ಸಾಯುವುದರೊಳಗೆ ಒಂದು ಸಲ ಓಡಿಸಬೇಕು ಎಂದಿದ್ದ. ಲೆಯಾರ್ಕೊ ಹನ್ನೊಂದು ವರ್ಷ ಬಡಿದ. ವಾಸ್ಕೊ ಅಷ್ಟು ದಿನ ಕಾಯಲಿಲ್ಲ. ಕಾರು ಮುಗಿದಾಗ ಇವನೂ ಎರ್ಸಿಲಿಯಾಳೂ ಅದನ್ನೊಂದು ಮೇಳಕ್ಕೆ ಒಯ್ದರು.

"ಅಲ್ಲಿ ಬೆಲೆ ಕಟ್ಟೋರು ಒಬ್ರು ಬಂದ್ರು. ಐದು ನಿಮಿಷ ನೋಡಿದ್ರು. ಪಾಲಿಶ್ ಹೊಡೆದ ಕಾರು ಬೀದಿಗೊಂದಿವೆ, ಅರುವತ್ತು ಸಾವಿರ ಬರಬಹುದು ಅಂದ್ರು. ಮುಟ್ಟದೆ ಹುಲ್ಲಲ್ಲೇ ಬಿಟ್ಟಿದ್ರೆ ಇದರ ಎರಡರಷ್ಟು ಬರ್ತಿತ್ತು, ಯಾವನೋ ಹಾಳು ಮಾಡಿದ್ದಾನೆ ಅಂದ್ರು. ಹಾಳು ಮಾಡಿದ್ದಾನೆ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸರಿ ಸ್ವಾಮಿ, ನಿಮಗೆ ಕೊಳೆ ತಾನೆ ಬೇಕು ಅಂತ ವಾಪಸ್ ಕೊಟ್ಟಿಗೆಗೆ ತಂದು, ಮೇಣ ಹಚ್ಚಿ, ಕೋಳಿ ಬಿಟ್ಟೆ. ಮೂರು ವರ್ಷ."

"ಹಣ ಯಾಕೆ ಮುಟ್ಟಲಿಲ್ಲ?"

"ಅದು ಕೋಳಿಗಳ ಸಂಪಾದನೆ ಮೇಡಂ."

"ಬೆಲೆ ಕಟ್ಟಿದೋರು ಯಾರು?"

ಲೆಯಾರ್ಕೊ ಗದ್ದ ಎತ್ತಿ ತೋರಿಸಿದ. ರೇಷ್ಮೆ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ ರನಿಯೇರಿ ಮೊದಲು ಅವನನ್ನು ನೋಡಿದರು, ಆಮೇಲೆ ಕಾರನ್ನು ನೋಡಿದರು. ಮೊದಲ ಸಲ ಹಾಳಾಯಿತೆಂದು ತಳ್ಳಿದ್ದೂ, ಎರಡನೆಯ ಸಲ ಮಂಡಿಯೂರಿ ಅತ್ತದ್ದೂ ಒಂದೇ ಕಾರಿನ ಮುಂದೆ ಎಂಬುದು ಅವರ ತಲೆಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಹಾಗಾದ್ರೆ ಈಗ ನನ್ನ ಕಾರಿಗೆ ಎಷ್ಟು ಬೆಲೆ?" ಡಾಕ್ಟರ್ ಕೇಳಿದರು. ಅವರು ಆಗಿನಿಂದ ಚಕ್ರದ ಮೇಲಿನ ತಗ್ಗನ್ನು ತಡವುತ್ತಲೇ ಇದ್ದರು. ಅದು ಅವರಿಗೆ ಸಿಕ್ಕಿರಲಿಲ್ಲ.

ಕಾನೂನಿನ ಕಣ್ಣಿಗೆ ಮೋಸ ಮೋಸವೇ. ಲೆಯಾರ್ಕೊ ಅದನ್ನು ಅಲ್ಲಗಳೆಯಲೂ ಇಲ್ಲ. ಅವನು ಕೇಳಿದ್ದು ಒಂದೇ. "ಮೇಡಂ, ಸುತ್ತಿಗೆ ವ್ಯಾನಲ್ಲಿದೆ. ಹತ್ತು ನಿಮಿಷ ಕೊಡಿ, ಆ ತಗ್ಗು ತೆಗೆದುಬಿಡ್ತೀನಿ."

"ಮುದ್ದೆಮಾಲು ಮುಟ್ಟೋ ಹಾಗಿಲ್ಲ ಮೇಸ್ತ್ರಿ."

ಸಹಿ ಹಾಕಿಸುವ ಮುಂಚೆ ನಿವೆಸ್ ನಿಯಮದಂತೆ ಜಪ್ತಿ ಪಂಚನಾಮೆಯನ್ನು ಗಟ್ಟಿಯಾಗಿ ಓದಿದರು. ವಾಹನದ ವಿವರ, ಬಣ್ಣ, ಪಂಚರ ಹೆಸರು. ಕೊನೆಯಲ್ಲಿ ಮೂವರು ಮೇಸ್ತ್ರಿಗಳ ಅಭಿಪ್ರಾಯ. "ಎಡ ಹಿಂಬದಿಯ ಚಕ್ರದ ಮೇಲ್ಭಾಗದಲ್ಲಿ ಎರಡು ಬೆರಳಗಲ ತಗ್ಗು ಇರುತ್ತದೆ. ಅದನ್ನು ಬಿಟ್ಟರೆ ಇಡೀ ಕೆಲಸದಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ."

ಲೆಯಾರ್ಕೊ ಪೆನ್ನು ಹಿಡಿದವನು ಸಹಿ ಮಾಡಲಿಲ್ಲ.

"ಮೇಡಂ," ಎಂದ, "ಆ ಕೊನೆ ಸಾಲು ಇನ್ನೊಂದು ಸಲ ಓದ್ತೀರಾ? ಅವರಿಗೂ ಕೇಳೋ ಹಾಗೆ."

ನಿವೆಸ್ ರನಿಯೇರಿಯವರ ಕಡೆ ತಿರುಗಿ ನಿಂತು, ಇನ್ನೊಂದು ಸಲ ಓದಿದರು.