ಕಿಡಿಮಾಪಕದ ಸೊನ್ನೆ

ಹುಬ್ಬಳ್ಳಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ, ಆಗಷ್ಟೇ ಹುಟ್ಟಿದ ಹೆಣ್ಣುಮಗುವಿನ ಹೊಕ್ಕುಳಬಳ್ಳಿಯಿಂದ ತೆಗೆದ ಒಂದು ಹನಿ ರಕ್ತವನ್ನು ಕಿಡಿಮಾಪಕ ಒಳಗೆಳೆದುಕೊಂಡಿತು. ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಪರದೆಯ ಮೇಲೆ ಅಂಕಿ ತೋರಿಸಿತು: ಸೊನ್ನೆಗಿಂತ ನಲವತ್ತು ಕಡಿಮೆ.

ನರ್ಸ್ ನಸ್ರೀನ್ ಅದರ ತಲೆಗೊಂದು ಮೊಟಕಿದಳು. "ಮೇಡಮ್ಮಾರ, ನಿಮ್ಮ ಯಂತ್ರ ಕೆಟ್ಟೈತ್ರಿ."

ಡಾ. ಸೃಷ್ಟಿ ಅಂಗಡಿ ನಕ್ಕಳು. ಯಂತ್ರವನ್ನು ಕಂಡುಹಿಡಿದವಳೇ ಅವಳು. ಅದು ಸೊನ್ನೆಯ ಕೆಳಗಿಳಿದದ್ದನ್ನು ಎಂದೂ ನೋಡಿರಲಿಲ್ಲ. ನವಜಾತ ಶಿಶುಗಳ ಮೇಲೆ ಇದು ಮೊದಲ ಪ್ರಯೋಗ. ಮಗುವೂ ಹೊರಗಿನದಲ್ಲ, ಅವಳ ಅಕ್ಕ ಅಕ್ಷತಾಳ ಮೊಮ್ಮಗಳು. ಅಕ್ಷತಾ ಎಂಬ ಹೆಸರಿನವರೂ ಅಜ್ಜಿಯರಾಗುವ ಕಾಲ ಬಂದಿತ್ತು.

ಗಾಯವಾದಾಗ, ಸೋಂಕು ತಗುಲಿದಾಗ ಜೀವಕೋಶದ ಹೊರಪೊರೆಗೆ ಒಂದು ಸುದ್ದಿ ಮುಟ್ಟುತ್ತದೆ. ಪ್ರೋಟೀನುಗಳು ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಕೋಶಕೇಂದ್ರಕ್ಕೆ ಒಯ್ಯುತ್ತವೆ; ಅಲ್ಲಿಂದ ಉರಿಯೂತದ ಅಪ್ಪಣೆ ಹೊರಡುತ್ತದೆ. ಗಾಯ ಮಾಯಲು ಅದು ಬೇಕೇ ಬೇಕು. ಆದರೆ ಕಾರಣವಿಲ್ಲದೆ ಸುದ್ದಿ ಓಡುತ್ತಲೇ ಇದ್ದರೆ ಕೀಲು, ಹೃದಯ, ಶ್ವಾಸಕೋಶ ಎಲ್ಲವೂ ಸದ್ದಿಲ್ಲದೆ ಸವೆಯುತ್ತವೆ. ಸುದ್ದಿ ಹೊತ್ತ ಪ್ರೋಟೀನು ಕೇಂದ್ರದೊಳಗೆ ಕಾಲಿಟ್ಟೊಡನೆ ಹೊಳೆಯುವ ಬಣ್ಣವೊಂದನ್ನು ಕಿಡಿಮಾಪಕ ಜೀವಂತ ಕೋಶಗಳಿಗೆ ಉಣಿಸಿ, ಹೊಳಪನ್ನು ಅಳೆಯುತ್ತಿತ್ತು. ಸೊನ್ನೆಯೆಂದರೆ ಆರೋಗ್ಯ, ಇಪ್ಪತ್ತು ದಾಟಿದರೆ ಔಷಧ. ವೈದ್ಯರು ಈಗ ರೋಗಿಯ ಮುಖಕ್ಕಿಂತ ಮೊದಲು ಅಂಕಿ ನೋಡುತ್ತಿದ್ದರು.

ಅಕ್ಷತಾಳ ಅಂಕಿ ಯಾವಾಗಲೂ ಸೊನ್ನೆಯೇ. "ಮೈಯೆಲ್ಲಾ ಹಂಚಿನ ಮ್ಯಾಲ ಇಟ್ಟಂಗ ಆಗ್ತೈತಿ" ಎಂದು ಅವಳು ಹೋದಲ್ಲೆಲ್ಲ ಹೇಳಿದಳು. ಯಾರೂ ಒಂದು ಮಾತ್ರೆ ಬರೆದುಕೊಡಲಿಲ್ಲ. ಮನೆಯವರು ಕೆಲಸಗಳ್ಳಿ ಎಂದು ಆಡಿಕೊಂಡರು. ಕೊನೆಗೆ ತಂಗಿಯೂ "ಏನೂ ಇಲ್ಲಕ್ಕಾ, ಎಲ್ಲಾ ನಿನ್ನ ಮನಸ್ಸಿನಾಗ ಐತಿ" ಎಂದುಬಿಟ್ಟಿದ್ದಳು.

ಸೃಷ್ಟಿ ಇನ್ನೊಂದು ಯಂತ್ರ ತರಿಸಿದಳು. ಅದೇ ಅಂಕಿ. ಪಕ್ಕದ ತೊಟ್ಟಿಲಿನ ಗಂಡುಮಗು, ಅದರಾಚೆಯ ಅವಳಿಗಳು, ಎಲ್ಲರೂ ಸೊನ್ನೆಯ ಕೆಳಗೆ. ನಗು ಎಲ್ಲಿ ಹೋಯಿತೋ! ಎಲ್ಲ ಯಂತ್ರಗಳೂ ಒಟ್ಟಿಗೆ ಕೆಡುವುದಿಲ್ಲ. ಹಾಗಾದರೆ ಕೆಟ್ಟದ್ದು ಸೊನ್ನೆ.

ಮೊದಲ ಯಂತ್ರ ಸಿದ್ಧವಾದ ದಿನ ಅಕ್ಕನೇ ಬಂದು ಅದಕ್ಕೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟಿದ್ದಳು. ಕಿರಾಣಿ ಅಂಗಡಿಯವರ ಮಗಳು. ದಿನದ ಮೊದಲ ವ್ಯಾಪಾರ ಒಳ್ಳೆಯ ಕೈಯಿಂದ ಆಗಬೇಕೆಂಬುದು ಅವಳ ರಕ್ತದಲ್ಲೇ ಇತ್ತು. "ಬೋಣಿ ನಿನ್ನ ಕೈಲಿಂದನ ಆಗ್ಲಿ" ಎಂದಳು. ಸೃಷ್ಟಿ ನಗುತ್ತ ಬೆರಳು ಚುಚ್ಚಿಕೊಂಡಳು. ತಾನು ಗಟ್ಟಿಮುಟ್ಟಾಗಿದ್ದೇನೆಂದು ಆ ಹನಿಯ ಹೊಳಪನ್ನೇ ಸೊನ್ನೆಯೆಂದು ಇಟ್ಟಳು. ಮುಂದೆ ಊರಿನ ನೂರಾರು ಆರೋಗ್ಯವಂತರ ರಕ್ತ ನೋಡಿದಾಗ ಎಲ್ಲವೂ ಸೊನ್ನೆಯ ಆಸುಪಾಸಿನಲ್ಲೇ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರತಿ ಹೊಸ ಯಂತ್ರಕ್ಕೂ ಅದೇ ಸೊನ್ನೆಯ ನಕಲು ಹೋಯಿತು.

ಇದನ್ನೆಲ್ಲ ನೆನೆಯುತ್ತ ಸೃಷ್ಟಿ ವಾರ್ಡಿಗೆ ಬಂದಾಗ ಅಕ್ಷತಾ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿಟಕಿಯ ಬಳಿ ಕುಳಿತಿದ್ದಳು.

"ಅಕ್ಕಾ, ನನ್ನ ರಕ್ತಾನ ಆರೋಗ್ಯ ಅಂತ ಇಟ್ಟಿದ್ದೆ. ನನ್ನೊಳಗೂ ಬೆಂಕಿ ಇತ್ತು, ಗೊತ್ತಾಗ್ಲಿಲ್ಲ. ನಿನ್ನೊಳಗೂ, ಊರ ಮಂದಿಯೊಳಗೂ ಅಷ್ಟ ಇತ್ತು. ಅದಕ್ಕ ನಿಂದು ಸೊನ್ನಿ ಬರ್ತಿತ್ತು."

ಅಕ್ಷತಾ ತಂಗಿಯ ಮುಖವನ್ನೇ ನೋಡಿದಳು. "ಅಂದ್ರ ನನಗ ಖರೇನ ನೋವಿತ್ತು?"

"ಖರೇನ ಇತ್ತಕ್ಕಾ."

"ಇಷ್ಟ್ ವರ್ಷ ನಿನ್ನ ಮಾತು ನಂಬಿ, ನನ್ನ ಮೈನ ಸುಳ್ಳ ಹೇಳ್ತೈತಿ ಅನಕೊಂಡ್ನಲ್ಲ ತಂಗಿ!"

ಸೃಷ್ಟಿಗೆ ಅಳು ಉಕ್ಕಿ ಬಂತು. ತಡೆಯಲಿಲ್ಲ.

ಅಕ್ಷತಾ ಮಗುವಿನ ಹೊದಿಕೆ ಸರಿಪಡಿಸಿ ಕೇಳಿದಳು: "ಇಬ್ಬರಿಗೂ ಎಲ್ಲಿಂದ ಬಂತಿದು? ಊರಿಗೆಲ್ಲಾ ಎಲ್ಲಿಂದ ಬಂತು?"

ಸೃಷ್ಟಿ ಕಣ್ಣೊರೆಸಿಕೊಂಡು ಹೊರಗೆ ನೋಡಿದಳು. ಕಿಟಕಿಯಿಂದ ಹೊಗೆಯ ವಾಸನೆ ಬರುತ್ತಿತ್ತು. ಆ ವಾಸನೆಗೆ ಅವಳಿಗೆ ಬಾಲ್ಯ ನೆನಪಾಯಿತು, ಈ ಶತಮಾನದ ಮೂರನೆಯ ದಶಕ. ಅಪ್ಪ ದಿನಾ ಬೆಳಿಗ್ಗೆ ಅಂಗಡಿಯ ಮುಂದೆ ಕಸ ಗುಡಿಸಿ, ಪ್ಲಾಸ್ಟಿಕ್ ಚೀಲ, ಥರ್ಮಾಕೋಲು, ರಟ್ಟು ಎಲ್ಲ ಗುಡ್ಡೆ ಹಾಕಿ ಕಡ್ಡಿ ಗೀರಿದ ಮೇಲೆಯೇ ಬೋಣಿ. ಚಳಿಗಾಲದಲ್ಲಿ ಅಕ್ಕತಂಗಿಯರು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಕೈ ಕಾಯಿಸಿಕೊಳ್ಳುತ್ತಿದ್ದರು. ಬೆಂಕಿಗೆ ಹತ್ತಿರದ ಜಾಗಕ್ಕಾಗಿ ಜಗಳ. ಓಣಿಯ ಪ್ರತಿ ಅಂಗಡಿಯ ಮುಂದೆಯೂ ಅಂಥದೊಂದು ಗುಡ್ಡೆ ಉರಿಯುತ್ತಿತ್ತು. ಹೊಗೆಯೇ ಕಾರಣವೆಂದು ಹೇಳಲು ಇನ್ನೂ ವರ್ಷಗಟ್ಟಲೆ ಪರೀಕ್ಷೆ ನಡೆಯಬೇಕು, ಅದು ಸೃಷ್ಟಿಗೆ ಗೊತ್ತಿತ್ತು. ಆದರೂ ಅವಳು ಅಕ್ಕನತ್ತ ತಿರುಗಿದಳು.

"ಅಪ್ಪನ ಬೆಂಕಿ" ಎಂದಳು, ಮೆಲ್ಲಗೆ.

ಅಕ್ಷತಾ ಮಗುವನ್ನು ತಂಗಿಯ ಕೈಗಿತ್ತು, ಮೂಲೆಯಲ್ಲಿದ್ದ ನೀರಿನ ಬಕೆಟ್ಟು ಎತ್ತಿಕೊಂಡು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಸೃಷ್ಟಿ ಮಗುವನ್ನು ಎದೆಗವಚಿಕೊಂಡು ಮೇಲಿನಿಂದ ನೋಡುತ್ತಿದ್ದಳು. ಗೇಟಿನ ಪಕ್ಕ ಉರಿಯುತ್ತಿದ್ದ ಕಸದ ಗುಡ್ಡೆಯ ಮೇಲೆ ಅಕ್ಕ ನೀರನ್ನೆಲ್ಲ ಸುರಿದಳು.

ಕಾವಲುಗಾರ ಪೊರಕೆ ಹಿಡಿದು ಕಂಗಾಲಾಗಿ ನಿಂತಿದ್ದ. "ಯಾಕ್ರೀ ಅವ್ವಾರ, ಏನಾತ್ರಿ? ದಿನಾ ಹಚ್ತೀವಲ್ರೀ ಇದನ್ನ!"